ನಮೂನೆಗೆ ಒಗ್ಗದ ಹೆಸರುಗಳು

ಮೂಡುಬಿದಿರೆಯಿಂದ ಕಾರ್ಕಳದ ಕಡೆ ಹೊರಟ ಬಸ್ಸಿನಲ್ಲಿ ಕೂತವರಿಗೆ ಬೆಳುವಾಯಿಯ ಫಲಕದ ಮೇಲೆ ಕಾಣುವುದು ನಾಲ್ಕು ಅಕ್ಷರ: ಬೆ, ಳು, ವಾ, ಯಿ. ಇದೇ ಹೆಸರು ಕಂಪ್ಯೂಟರಿನೊಳಗೆ ಎಂಟು ಸಂಖ್ಯೆಗಳಾಗಿ ಕೂರುತ್ತದೆ. ಬ ಒಂದು, ಅದರ ಎತ್ವ ಇನ್ನೊಂದು; ಳ ಒಂದು, ಅದರ ಕೊಂಬು ಇನ್ನೊಂದು; ಹೀಗೆ ವ ಮತ್ತು ಅದರ ದೀರ್ಘ, ಯ ಮತ್ತು ಅದರ ಗುಡಿಸು. ಡಿಸ್ಕಿನಲ್ಲಿ ಉಳಿಸುವ ಹೊತ್ತಿಗೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಸಂಖ್ಯೆಗೂ ಮೂರು ಬೈಟ್ ಬೇಕಾಗಿ ಒಟ್ಟು 24 ಬೈಟ್ ಆಗುತ್ತದೆ. ನಾಲ್ಕು, ಎಂಟು, ಇಪ್ಪತ್ತನಾಲ್ಕು. ಊರಿನ ಹೆಸರು ಎಷ್ಟು ಉದ್ದ ಎಂಬ ಪ್ರಶ್ನೆಗೆ ಮೂರೂ ಸರಿಯುತ್ತರಗಳೇ.

ಈಗ ಒಬ್ಬ ಪ್ರೋಗ್ರಾಮರ್ ಅರ್ಜಿಯ ಫಾರಂ ತಯಾರಿಸುತ್ತಿದ್ದಾರೆ ಎಂದುಕೊಳ್ಳೋಣ. ಊರಿನ ಹೆಸರಿನ ಖಾನೆಯಲ್ಲಿ ಕನ್ನಡ ಅಕ್ಷರ ಮಾತ್ರ ಇರಬೇಕು, ಅಂಕಿಯಾಗಲಿ ಚಿಹ್ನೆಯಾಗಲಿ ನುಸುಳಬಾರದು. ಇಂಗ್ಲಿಷಿಗೆ ಎ-ಯಿಂದ ಝಡ್‌ವರೆಗೆ ಎಂದು ಬರೆದು ರೂಢಿಯಾದ ಕೈ ಇಲ್ಲಿಯೂ ಹಾಗೆಯೇ ಬರೆಯುತ್ತದೆ: [ಅ-ಹ]. ನೋಡಲು ಸರಿಯಾಗಿಯೇ ಇದೆ. ಆದರೆ ಬೆಳುವಾಯಿ ಎಂದು ತುಂಬಿದ ಕೂಡಲೇ ಖಾನೆ ಕೆಂಪಾಗುತ್ತದೆ, ಕೆಳಗೆ 'ಅಮಾನ್ಯ ಹೆಸರು' ಎಂಬ ಸಾಲು ಮೂಡುತ್ತದೆ.

ಕಾರಣ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನ ಪಟ್ಟಿಯಲ್ಲಿದೆ. ಕನ್ನಡಕ್ಕೆ ಅಲ್ಲಿ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಅ ಇರುವುದು 3205ರಲ್ಲಿ, ಹ ಇರುವುದು 3257ರಲ್ಲಿ. ಕಾಗುಣಿತದ ಚಿಹ್ನೆಗಳೆಲ್ಲ ಹ ದಾಟಿದ ಮೇಲೆ ಬರುತ್ತವೆ: ದೀರ್ಘ 3262, ಗುಡಿಸು 3263, ಕೊಂಬು 3265, ಎತ್ವ 3270. ಒತ್ತಕ್ಷರ ಕಟ್ಟಲು ಬೇಕಾದ ಅರ್ಧಾಕ್ಷರದ ಚಿಹ್ನೆ 3277. ಅನುಸ್ವಾರವಂತೂ ಅ-ಗಿಂತ ಮೊದಲೇ, 3202ರಲ್ಲಿ ಕೂತಿದೆ. ಹೀಗಾಗಿ ಬೆಳುವಾಯಿ ತನ್ನ ಎರಡನೇ ಸಂಖ್ಯೆಯಲ್ಲೇ ಸೋಲುತ್ತದೆ. ಬಂಟ್ವಾಳ ಸೋಲುವುದು ಸೊನ್ನೆಯಲ್ಲಿ, ಬೆಳ್ತಂಗಡಿ ಎತ್ವದಲ್ಲಿ, ಮೂಡುಬಿದಿರೆ ಮೊದಲ ದೀರ್ಘದಲ್ಲಿ. ಇದೇ ನಿಯಮ ಜನರ ಹೆಸರಿನ ಖಾನೆಗೂ ಬಂದರೆ ಕಮಲ, ಸರಳ, ಜನಕ ಇಂಥವರಿಗೆ ಮಾತ್ರ ಅರ್ಜಿ ಸಲ್ಲಿಸುವ ಯೋಗ. ಗಣಪತಿಗೂ ಪ್ರವೇಶವಿಲ್ಲ.

ಜಾವಾಸ್ಕ್ರಿಪ್ಟ್ ಭಾಷೆಯ 2018ರ ಆವೃತ್ತಿಯಿಂದ ಈಚೆಗೆ ಪ್ರೋಗ್ರಾಮರ್‌ಗಳು ಸಂಖ್ಯೆಗಳ ಗಡಿ ಹಾಕುವ ಬದಲು 'ಯೂನಿಕೋಡ್ ಯಾವುದನ್ನು ಅಕ್ಷರ ಎನ್ನುತ್ತದೋ ಅದು' ಎಂದು ನೇರವಾಗಿ ಬರೆಯಬಹುದು. ಇದು ಒಳ್ಳೆಯ ಸುಧಾರಣೆ. ಆದರೂ ಅಷ್ಟೇ ಬರೆದರೆ ಕನ್ನಡಕ್ಕೆ ಸಾಲದು. ಕೊಂಬು, ಗುಡಿಸು, ಸೊನ್ನೆಗಳು ಯೂನಿಕೋಡಿನ ಲೆಕ್ಕದಲ್ಲಿ 'ಅಕ್ಷರ'ಗಳಲ್ಲ, 'ಗುರುತು'ಗಳು. ಅಕ್ಷರ ಮತ್ತು ಗುರುತು ಎರಡನ್ನೂ ಒಟ್ಟಿಗೆ ಕೇಳಿದರೆ ಮಾತ್ರ ಬೆಳುವಾಯಿ ಒಳಗೆ ಬರುತ್ತದೆ.

ಪ್ರೋಗ್ರಾಮರ್‌ಗಳು ವ್ಯಾಲಿಡೇಶನ್ ಎನ್ನುವ ಕೆಲಸ ಇದೇ: ತುಂಬಿದ್ದು ನಿಯಮಕ್ಕೆ ಹೊಂದುತ್ತದೆಯೇ ಎಂದು ತಾಳೆ ನೋಡುವುದು. ಖಾತೆ, ಪಡಿತರ, ಪಹಣಿ, ಪಾಸ್‌ಪೋರ್ಟ್ ಎಲ್ಲಕ್ಕೂ ಈಗ ಪರದೆಯ ಮೇಲಿನ ಒಂದು ಖಾನೆಯೇ ಬಾಗಿಲಾಗಿರುವುದರಿಂದ ಈ ತಾಳೆಯನ್ನು ಸಣ್ಣ ವಿಚಾರವೆಂದು ತಳ್ಳಿಹಾಕುವಂತಿಲ್ಲ. ಜನ ತಮ್ಮ ಊರು, ಮನೆ, ಜಮೀನು, ಮಕ್ಕಳಿಗೆ ಮೊದಲೇ ಹೆಸರಿಟ್ಟಿದ್ದಾರೆ. ಆ ಹೆಸರುಗಳನ್ನು ನೋಡಿ ನಿಯಮ ಬರೆಯಬೇಕೇ ಹೊರತು ನಿಯಮ ಬರೆದು ಹೆಸರುಗಳನ್ನು ಅದಕ್ಕೆ ಬಗ್ಗಿಸಬಾರದು. ಇದನ್ನು ಸಾಧಿಸುವುದು ಹೇಗೆಂಬುದು ಈ ಅಧ್ಯಾಯದ ವಿಷಯ.

ಕಂಬಳದ ಜೋಡಿಗಳ ಪಟ್ಟಿ

ಅಕ್ಷರಗಳ ಸಾಲಿಗೆ ನಮೂನೆ ಬರೆಯುವ ಗಣಿತ ಹುಟ್ಟಿದ್ದು ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿಯಿಂದ. ನರಕೋಶಗಳ ಜಾಲವೊಂದು ಎಂಥ ಘಟನೆಗಳನ್ನು ಗುರುತಿಸಬಲ್ಲದು ಎಂದು 1951ರಲ್ಲಿ ಯೋಚಿಸುತ್ತಿದ್ದ ಅವರು 'ಇದಾದ ಮೇಲೆ ಅದು', 'ಇದು ಅಥವಾ ಅದು', 'ಇದೇ ಮತ್ತೆ ಮತ್ತೆ' ಎಂಬ ಮೂರೇ ಕ್ರಿಯೆಗಳಿಂದ ಒಂದು ಪುಟ್ಟ ಬೀಜಗಣಿತ ಕಟ್ಟಿದರು. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪಠ್ಯ ಹುಡುಕುವ ಪ್ರೋಗ್ರಾಮಿಗೆ ಇಳಿಸಿದರು. ಇಂದು ರೆಗ್ಯುಲರ್ ಎಕ್ಸ್‌ಪ್ರೆಶನ್, ಚುಟುಕಾಗಿ ರೆಜೆಕ್ಸ್, ಎಂದು ಕರೆಸಿಕೊಳ್ಳುವುದು ಇದೇ. ಮೇಲೆ ಕಂಡ [ಅ-ಹ] ಅದರ ಒಂದು ತುಣುಕು.

ಮೊದಮೊದಲು ಇಂಥ ನಿಯಮ ಬರೆಯುವವರು ಪ್ರೋಗ್ರಾಮರ್‌ಗಳು ಮಾತ್ರ. ಈಗ ಹಾಗಿಲ್ಲ. ಕಚೇರಿ, ಶಾಲೆ, ಸಹಕಾರ ಸಂಘಗಳು ಬಳಸುವ ತಂತ್ರಾಂಶಗಳಲ್ಲಿ 'ಹೆಸರು ಹೀಗಿರಬೇಕು' ಎಂಬ ನಮೂನೆಯನ್ನು ಬಳಕೆದಾರರೇ ನಿಗದಿ ಮಾಡುವ ಸೌಲಭ್ಯ ಇರುತ್ತದೆ. ಕಡತದ ಸಂಖ್ಯೆ ಹೇಗಿರಬೇಕು, ಸದಸ್ಯರ ಸಂಖ್ಯೆ ಹೇಗಿರಬೇಕು ಎಂದು ಸಂಘದ ಗುಮಾಸ್ತರೋ ಮೇಲ್ವಿಚಾರಕರೋ ತೀರ್ಮಾನಿಸುತ್ತಾರೆ. ಹಾಗಾಗಿ ಇಲ್ಲಿ ಮೂವರು ಇದ್ದಾರೆ: ತಂತ್ರಾಂಶ ಮಾಡಿದವರು, ನಮೂನೆ ಹಾಕಿದವರು, ಫಾರಂ ತುಂಬುವವರು. ಮೂವರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ.

ಹೀಗೆ ಬಳಸುವವರೇ ಕಟ್ಟಿಕೊಂಡ ನಮೂನೆಗೆ ತುಳುನಾಡಿನಲ್ಲಿ ಸೊಗಸಾದ ಉದಾಹರಣೆ ಕಂಬಳ, ಅಂದರೆ ಕೆಸರುಗದ್ದೆಯ ಕೋಣಗಳ ಓಟ. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ (ಕೋಣಗಳು ಓಡುವ ಜೋಡಿ ಗದ್ದೆ), ವೇಣೂರಿನಲ್ಲಿ ಸೂರ್ಯ-ಚಂದ್ರ ಜೋಡುಕರೆ. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ವಿಭಾಗಗಳ ಫಲಿತಾಂಶ ಮರುದಿನದ ಪತ್ರಿಕೆಯಲ್ಲಿ ಬಂದಾಗ ಜೋಡಿಗಳ ಹೆಸರುಗಳು ಸಾಮಾನ್ಯವಾಗಿ ಒಂದು ಕ್ರಮದಲ್ಲಿರುತ್ತವೆ: ಊರು ಅಥವಾ ಮನೆತನದ ಹೆಸರು, ಆಮೇಲೆ ಯಜಮಾನರ ಹೆಸರು, ಒಂದೇ ಮನೆಯಿಂದ ಎರಡು ಜೋಡಿ ಕೋಣಗಳು ಇಳಿದಿದ್ದರೆ ಕೊನೆಯಲ್ಲಿ 'ಎ' ಅಥವಾ 'ಬಿ'. ಯಾವ ಕಂಪ್ಯೂಟರೂ ಹೇಳಿಕೊಡದೆ ಜನರೇ ಮಾಡಿಕೊಂಡ ವ್ಯವಸ್ಥೆ ಇದು. ಓದಿದ ಕೂಡಲೇ ಯಾರ ಮನೆಯ ಯಾವ ಜೋಡಿ ಎಂದು ಕಂಬಳದ ಅಭಿಮಾನಿಗೆ ತಿಳಿಯುತ್ತದೆ.

ಜೋಡಿಗಳ ನೋಂದಣಿಗೆ ಫಾರಂ ಮಾಡಲು ಹೊರಟ ಸ್ವಯಂಸೇವಕರೊಬ್ಬರು ಇದನ್ನೇ ನಿಯಮವಾಗಿ ಬರೆದರೆ ಏನಾಗುತ್ತದೆ ನೋಡೋಣ. ಊರು, ಒಂದು ಖಾಲಿ ಜಾಗ, ಯಜಮಾನರ ಹೆಸರು, ಒಂದು ಖಾಲಿ ಜಾಗ, ಎ ಅಥವಾ ಬಿ. ಒಂದೇ ಜೋಡಿ ಇರುವ ಮನೆಯವರಿಗೆ ಕೊನೆಯ ಅಕ್ಷರವೇ ಇಲ್ಲ. ಫಾರಂ ಅವರನ್ನು ನಿಲ್ಲಿಸುತ್ತದೆ. ಯಜಮಾನರ ಹೆಸರಿನಲ್ಲಿ ಇನಿಷಿಯಲ್ ಇದ್ದರೆ ಚುಕ್ಕಿ ಬರುತ್ತದೆ, ನಿಲ್ಲಿಸುತ್ತದೆ. ಊರಿನ ಹೆಸರಿನಲ್ಲೇ ಎರಡು ಪದಗಳಿದ್ದರೆ ಖಾಲಿ ಜಾಗದ ಲೆಕ್ಕ ತಪ್ಪುತ್ತದೆ. ನಿಯಮ ಬರೆದವರ ತಲೆಯಲ್ಲಿದ್ದುದು ನೆನಪಿಗೆ ಬಂದ ನಾಲ್ಕಾರು ಹೆಸರು. ಕರೆಗೆ ಇಳಿಯುವ ಜೋಡಿಗಳು ಅದಕ್ಕಿಂತ ಎಷ್ಟೋ ಹೆಚ್ಚು.

ಪರಿಹಾರ ಕಷ್ಟದ್ದಲ್ಲ. ನಮೂನೆ ಬರೆಯುವ ಪರದೆಯ ಪಕ್ಕದಲ್ಲೇ ಹಿಂದಿನ ವರ್ಷದ ಪಟ್ಟಿಯನ್ನು ತಂದು ಹಾಕಲು ಜಾಗ ಇರಬೇಕು. ನಿಯಮದ ಒಂದೊಂದು ತುಂಡು ಸೇರಿಸಿದಾಗಲೂ ಪಟ್ಟಿಯಲ್ಲಿ ಎಷ್ಟು ಹೆಸರು ಪಾಸಾದವು, ಯಾವುವು ಉಳಿದುಕೊಂಡವು, ಎಲ್ಲಿ ಸಿಕ್ಕಿಕೊಂಡವು ಎಂದು ಅಲ್ಲೇ ತೋರಿಸಬೇಕು. ಚುಕ್ಕಿಯ ಬಳಿ ನಿಂತ ಹೆಸರು ಕಣ್ಣಿಗೆ ಬಿದ್ದರೆ ಸ್ವಯಂಸೇವಕರು ಆ ಕ್ಷಣವೇ ನಿಯಮ ಸಡಿಲಿಸುತ್ತಾರೆ. ತೋರಿಸದಿದ್ದರೆ ಆ ತಪ್ಪು ನೋಂದಣಿಯ ದಿನ ಬೇರೊಬ್ಬರ ತಲೆನೋವಾಗಿ ಬರುತ್ತದೆ. ಫಾರಂ ತುಂಬುವವರಿಗೆ ಪರಿಶೀಲನೆ ಇರುವಂತೆ ನಮೂನೆ ಹಾಕುವವರಿಗೂ ಪರಿಶೀಲನೆ ಇರಬೇಕು. ಹೆಚ್ಚಿನ ತಂತ್ರಾಂಶಗಳಲ್ಲಿ ಇರಬೇಕಾಗಿಯೂ ಇಲ್ಲದಿರುವುದು ಇದೇ.

ಪೈಕಿ ಭಾಗದ ಪಾಠ

ಹೆಸರಿನ ನಮೂನೆ ಒಮ್ಮೆಗೇ ರೂಪುಗೊಳ್ಳುವುದಿಲ್ಲ, ತಲೆಮಾರುಗಳ ಉದ್ದಕ್ಕೂ ಬೆಳೆಯುತ್ತದೆ ಎಂಬುದಕ್ಕೆ ಪಹಣಿಗಿಂತ ಒಳ್ಳೆಯ ಸಾಕ್ಷಿ ಬೇಡ. ದಕ್ಷಿಣ ಕನ್ನಡ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸಿಗೆ ಸೇರಿತ್ತು. ಸರ್ವೆ ನಂಬರನ್ನು ಒಡೆಯುವಾಗ ಅಂಕಿ, ಅಕ್ಷರ, ಮತ್ತೆ ಅಂಕಿ ಎಂದು ಸೇರಿಸುತ್ತ ಹೋಗುವ ಕ್ರಮ ಇಲ್ಲಿ ನೆಲೆಯೂರಿತು. ಉದಾಹರಣೆಗೆ 45ನೇ ಸರ್ವೆ ನಂಬರ್ ಒಡೆದು 45/2 ಆಯಿತು, ಅದು ಪಾಲಾಗಿ 45/2ಎ, ಅದೂ ಪಾಲಾಗಿ 45/2ಎ1.

ಆಮೇಲೆ 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಒಕ್ಕಲುಗಳು ದಟ್ಟವಾಗಿದ್ದ ಜಿಲ್ಲೆಯಿದು. ಭೂ ನ್ಯಾಯಮಂಡಳಿಗಳ ಮುಂದೆ ಬಂದ ಅರ್ಜಿಗಳಿಗೆ ಲೆಕ್ಕವಿರಲಿಲ್ಲ. ಒಂದೇ ನಂಬರಿನ ಜಮೀನಿನಲ್ಲಿ ಹಲವರಿಗೆ ಹಕ್ಕು ಬಂದಾಗ, ಅಳತೆ ಮಾಡಿ ಹೊಸ ನಂಬರ್ ಕೊಡುವವರೆಗೆ ಒಬ್ಬೊಬ್ಬರದನ್ನು ಆ ನಂಬರಿನ 'ಪೈಕಿ' ಎಂದು ಬರೆಯಬೇಕಾಗುತ್ತದೆ. ಪಹಣಿಯಲ್ಲಿ ಅದು ಪಿ1, ಪಿ2 ಎಂದು ಕಾಣಿಸುತ್ತದೆ. ಹೀಗೆ ಒಂದು ತೋಟದ ಗುರುತು 45/2ಎ1ಪಿ2 ಎಂಬಂತೆ ಉದ್ದವಾಗುತ್ತದೆ. 'ಸರ್ವೆ ನಂಬರ್ ಎಂದರೆ ಅಂಕಿ, ಓರೆಗೆರೆ, ಅಂಕಿ' ಎಂದು ನಂಬಿ ಮಾಡಿದ ಫಾರಂ ಈ ತೋಟವನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ತೋಟದ ಯಜಮಾನರು ಪಿ2 ಬಿಟ್ಟು ತುಂಬುತ್ತಾರೆ, ಫಾರಂ ಹಸಿರಾಗುತ್ತದೆ, ಅರ್ಜಿ ಪಕ್ಕದ ಜಮೀನಿನ ಲೆಕ್ಕಕ್ಕೆ ಹೋಗುತ್ತದೆ. ಅತಿ ಬಿಗಿಯಾದ ಪರಿಶೀಲನೆ ಸರಿಯಾದ ಮಾಹಿತಿಯನ್ನು ತಡೆದು ತಪ್ಪು ಮಾಹಿತಿಯನ್ನು ಒಳಗೆ ಬಿಡುವುದು ಹೀಗೆ.

ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಇದಕ್ಕೆ ಕಂಡುಕೊಂಡ ದಾರಿ ಗಮನಿಸುವಂಥದ್ದು. ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ತಂದ ಈ ವ್ಯವಸ್ಥೆಯ ಪಹಣಿ ನೋಡುವ ಪರದೆಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಪಟ್ಟಿಯಿಂದ ಆರಿಸಬೇಕು. ಟೈಪ್ ಮಾಡುವುದು ಸರ್ವೆ ನಂಬರಿನ ಅಂಕಿಯನ್ನು ಮಾತ್ರ. ಅದಕ್ಕೆ ಸೇರಿದ ಉಪವಿಭಾಗಗಳು, ಅಂದರೆ ಸರ್‌ನಾಕ್ ಮತ್ತು ಹಿಸ್ಸಾಗಳು, ಪಟ್ಟಿಯಾಗಿ ತೆರೆದುಕೊಳ್ಳುತ್ತವೆ. 2ಎ1ಪಿ2 ಅಲ್ಲೇ ಸಿಗುತ್ತದೆ. ಮೊದಲೇ ದಾಖಲೆಯಲ್ಲಿರುವ ಹೆಸರನ್ನು ಟೈಪ್ ಮಾಡಿಸಿ ಆಮೇಲೆ ನಮೂನೆಗೆ ಹಿಡಿದು ನೋಡುವ ಅಗತ್ಯವೇ ಇಲ್ಲ. ಆರಿಸಲು ಕೊಟ್ಟರೆ ತಪ್ಪಲು ಎಡೆಯೂ ಇಲ್ಲ. ನಮೂನೆ ನಿಜವಾಗಿ ಬೇಕಾಗುವುದು ಹೊಸ ಹೆಸರು ಹುಟ್ಟುವ ಕಡೆ ಮಾತ್ರ.

ಚಿಟ್ಟೆಗೊಂದು ಅಡ್ಡಗೆರೆ

ಬೆಳುವಾಯಿಯ ಹೆಸರು ಹೊರಗಿನ ಅನೇಕರಿಗೆ ಪರಿಚಯವಾದದ್ದು ಅಲ್ಲಿನ ಚಿಟ್ಟೆ ಪಾರ್ಕಿನಿಂದ. ಸಮ್ಮಿಲನ್ ಶೆಟ್ಟಿ ತಮ್ಮ ಸ್ವಂತ ಜಾಗದಲ್ಲಿ ಚಿಟ್ಟೆಗಳಿಗೆ ಬೇಕಾದ ಗಿಡಗಳನ್ನು ಬೆಳೆಸಿ ರೂಪಿಸಿದ ತಾಣ ಅದು. ಚಿಟ್ಟೆಗಳ ವೈಜ್ಞಾನಿಕ ಹೆಸರುಗಳ ಹಿಂದೆಯೂ ಒಂದು ಕಟ್ಟುನಿಟ್ಟಾದ ನಮೂನೆ ಇದೆ. ಯಾರು ಬೇಕಾದರೂ ಹೊಸ ಪ್ರಭೇದಕ್ಕೆ ಹೆಸರಿಡಬಹುದು, ಆದರೆ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಗೆ ಅದು ಹೊಂದಬೇಕು. ಎರಡು ಪದ, ಮೊದಲನೆಯದು ಕುಲ, ಎರಡನೆಯದು ಪ್ರಭೇದ, ಎರಡೂ ರೋಮನ್ ಲಿಪಿಯಲ್ಲಿ, ಕುಲದ ಮೊದಲಕ್ಷರ ದೊಡ್ಡದು, ಒಂದೊಂದು ಪದದಲ್ಲೂ ಕನಿಷ್ಠ ಎರಡು ಅಕ್ಷರ, ಚುಕ್ಕಿ, ಅಪಾಸ್ಟ್ರಫಿ, ಅಡ್ಡಗೆರೆ ಯಾವುದೂ ಕೂಡದು.

ಆದರೆ ಅಡ್ಡಗೆರೆಗೆ ಒಂದು ರಿಯಾಯಿತಿ ಇದೆ. ಹಿಮಾಲಯದಲ್ಲೂ ಯುರೋಪಿನಲ್ಲೂ ಕಾಣುವ ಒಂದು ಚಿಟ್ಟೆಯ ಹಿಂರೆಕ್ಕೆಯ ಅಡಿಭಾಗದಲ್ಲಿ ರೋಮನ್ ಸಿ ಆಕಾರದ ಬಿಳಿ ಗುರುತು ಇದೆ. ಲಿನಿಯಸ್ 1758ರಲ್ಲಿ ಅದಕ್ಕೆ 'ಸಿ-ಆಲ್ಬಮ್' ಎಂಬ ಪ್ರಭೇದನಾಮ ಕೊಟ್ಟರು. ಇಂದು ಅದು ಪಾಲಿಗೋನಿಯ ಸಿ-ಆಲ್ಬಮ್. ಹೀಗೆ ಜೀವಿಯ ಮೇಲಿನ ಗುರುತನ್ನು ಬಣ್ಣಿಸಲು ಒಂದೇ ಅಕ್ಷರ ಬಳಸಿದ್ದರೆ ಅದರ ಮುಂದೆ ಅಡ್ಡಗೆರೆ ಇರಬಹುದು ಎಂದು ಸಂಹಿತೆ ಹೇಳುತ್ತದೆ. ನಿಯಮ ಬರೆದವರು ಇರುವ ಹೆಸರುಗಳನ್ನು ಮೊದಲು ಓದಿದ್ದರು, ಆದ್ದರಿಂದ ಈ ಚಿಟ್ಟೆಯ ಹೆಸರು ಉಳಿಯಿತು. ಇನ್ನೊಂದು ತುದಿಯ ಉದಾಹರಣೆಗಳೂ ಇವೆ. ಏಷ್ಯಾದ ಒಂದು ಬಾವಲಿಯ ಹೆಸರು 'ಇಯಾ ಇಓ', ರೋಮನ್ ಲಿಪಿಯಲ್ಲಿ ಒಟ್ಟು ನಾಲ್ಕೇ ಅಕ್ಷರ. ಥಾಯ್ಲೆಂಡಿನ ಒಂದು ನೊಣದ ಹೆಸರಿಗೆ 42 ಅಕ್ಷರ. 'ಹೆಸರಿನ ಒಂದೊಂದು ಪದವೂ ಮೂರಕ್ಷರಕ್ಕಿಂತ ಕಡಿಮೆ ಇರಬಾರದು, ಇಪ್ಪತ್ತಕ್ಕಿಂತ ಹೆಚ್ಚಿರಬಾರದು' ಎಂದು ತೋಚಿದ ಮಿತಿ ಹಾಕಿದ ಫಾರಂ ಇವೆರಡನ್ನೂ ತಿರಸ್ಕರಿಸುತ್ತದೆ.

ತಂತ್ರಾಂಶ ಮಣಿಯದೆ ವಿಜ್ಞಾನವೇ ಮಣಿದ ಪ್ರಸಂಗವೂ ನಡೆದಿದೆ. ಮನುಷ್ಯರ ಕೆಲವು ಜೀನ್‌ಗಳ ಸಂಕೇತಗಳು 'ಮಾರ್ಚ್1', 'ಸೆಪ್ಟ್1' ಎಂದಿದ್ದವು. ಎಕ್ಸೆಲ್ ಇವನ್ನು ತಾರೀಕೆಂದು ತಿಳಿದು ತನ್ನಷ್ಟಕ್ಕೆ ಬದಲಿಸುತ್ತಿತ್ತು. ಎಕ್ಸೆಲ್ ರೂಪದಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಭಾಗಕ್ಕೆ ಇಂಥ ತಪ್ಪು ಅಂಟಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ ಜೀನ್‌ಗಳಿಗೆ ಹೆಸರು ನಿಗದಿ ಮಾಡುವ ಸಮಿತಿಯೇ ಸಂಕೇತಗಳನ್ನು 'ಮಾರ್ಚ್‌ಎಫ್1', 'ಸೆಪ್ಟಿನ್1' ಎಂದು ಬದಲಿಸಿತು. 2020ರಲ್ಲಿ ಅದರ ಹೊಸ ಮಾರ್ಗಸೂಚಿ ಪ್ರಕಟವಾಯಿತು.

ಡಿ'ಸೋಜ ಮತ್ತು ಬಿ.ಸಿ. ರೋಡ್

ಬಂಟ್ವಾಳದಲ್ಲಿ ಬಸ್ ಬದಲಿಸುವವರೆಲ್ಲ ಬಲ್ಲ ಜಾಗ ಬಿ.ಸಿ. ರೋಡ್. ಹೆಸರಿನಲ್ಲೇ ಎರಡು ಚುಕ್ಕಿ, ಒಂದು ಖಾಲಿ ಜಾಗ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಡಿ'ಸೋಜ ಮನೆತನಗಳಿವೆ. ಹೆಸರಿನ ನಡುವೆ ಅಪಾಸ್ಟ್ರಫಿ. ಈ ಪುಟ್ಟ ಗೆರೆಯ ಮೇಲೆ ಪ್ರೋಗ್ರಾಮರ್‌ಗಳಿಗೆ ಹಳೆಯ ಭಯ. ಡೇಟಾಬೇಸಿಗೆ ಕಳಿಸುವ ಆದೇಶದಲ್ಲಿ ಅಪಾಸ್ಟ್ರಫಿಗೆ ವಿಶೇಷ ಅರ್ಥವಿದೆ. ಹೆಸರನ್ನು ಆದೇಶದೊಳಗೆ ಹಾಗೆಯೇ ಅಂಟಿಸಿದರೆ ಕಿಡಿಗೇಡಿಗಳು ಅದನ್ನೇ ಬಳಸಿ ಒಳನುಗ್ಗಬಹುದು. ಹೆಸರನ್ನು ಆದೇಶದಿಂದ ಪ್ರತ್ಯೇಕವಾಗಿ ಕಳಿಸುವ ವಿಧಾನ ಬಹಳ ಕಾಲದಿಂದ ಲಭ್ಯವಿದೆ. ಅದನ್ನು ಬಳಸಿದರೆ ಅಪಾಸ್ಟ್ರಫಿ ನಿರಪಾಯಕಾರಿ. ಅದು ಬಿಟ್ಟು ಖಾನೆಯಲ್ಲೇ ನಿಷೇಧ ಹೇರಿದರೆ ಭದ್ರತೆಯ ಕೆಲಸವನ್ನು ಡಿ'ಸೋಜರ ಹೆಸರಿನ ಮೇಲೆ ಹೊರಿಸಿದಂತಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕಂಪ್ಯೂಟರಿನ ಕೀಲಿಮಣೆಯಲ್ಲಿ ಬರುವ ನೇರ ಅಪಾಸ್ಟ್ರಫಿಯ ಸಂಖ್ಯೆ 39. ಎಷ್ಟೋ ಫೋನುಗಳು ಮತ್ತು ವರ್ಡ್ ಪ್ರೊಸೆಸರ್‌ಗಳು ಅದನ್ನು ತಾವಾಗಿ ಬಾಗಿದ ಅಪಾಸ್ಟ್ರಫಿಯಾಗಿಸುತ್ತವೆ. ಅದರ ಸಂಖ್ಯೆ 8217. ಒಬ್ಬರೇ ವ್ಯಕ್ತಿ ಎರಡು ಕಡೆ ಅರ್ಜಿ ಹಾಕಿದರೆ ಗಣಕದ ಕಣ್ಣಿಗೆ ಇಬ್ಬರು.

ಇನಿಷಿಯಲ್, ಮನೆ ಹೆಸರು, ಜಾತಿಸೂಚಕ, ತಂದೆಯ ಹೆಸರು ಇವುಗಳಲ್ಲಿ ಯಾವುದು ಉಪನಾಮ ಎಂಬ ಪ್ರಶ್ನೆ ಇನ್ನೂ ಕಠಿಣ. ಒಂದೇ ಪದದ ಹೆಸರಿರುವವರು ಕರ್ನಾಟಕದಲ್ಲಿ ಅಪರೂಪವಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಉಪನಾಮ ಖಾಲಿಯಿರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ಅದರ ಬಿಸಿ ಗಲ್ಫಿನ ನಂಟಿರುವ ಕರಾವಳಿಗೂ ತಟ್ಟುವಂಥದ್ದಾಗಿತ್ತು. ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆದೀತು ಎಂಬ ಸ್ಪಷ್ಟನೆ ಆಮೇಲೆ ಬಂತು. ಪ್ಯಾಟ್ರಿಕ್ ಮೆಕೆಂಝಿ ಎಂಬ ಪ್ರೋಗ್ರಾಮರ್ 2010ರಲ್ಲಿ, ಹೆಸರುಗಳ ಬಗ್ಗೆ ತಮ್ಮ ವೃತ್ತಿಯವರು ನಂಬಿಕೊಂಡ 40 ತಪ್ಪು ಕಲ್ಪನೆಗಳ ಪಟ್ಟಿ ಬರೆದರು. ಎಲ್ಲರಿಗೂ ಮೊದಲ ಹೆಸರು ಮತ್ತು ಕೊನೆಯ ಹೆಸರು ಇರುತ್ತದೆ ಎಂಬ ಭಾವನೆಯೂ ಅದರೊಳಗೇ ಬರುತ್ತದೆ. ಪೂರ್ಣ ಹೆಸರಿಗೆ ಒಂದೇ ಖಾನೆ, ಅದರಲ್ಲಿ ಯಾವ ಭಾಷೆಯ ಅಕ್ಷರ, ಗುರುತು, ಚುಕ್ಕಿ, ಅಪಾಸ್ಟ್ರಫಿ, ಖಾಲಿ ಜಾಗ ಬಂದರೂ ಸರಿ ಎನ್ನುವುದು ಬಹುಪಾಲು ಫಾರಂಗಳಿಗೆ ಸಾಕು.

ಕಣ್ಣಿಗೆ ಒಂದು, ಗಣಕಕ್ಕೆ ಎರಡು

ವೇಣೂರು ಎಂಬ ಹೆಸರಿನ 'ವೇ' ಅಕ್ಷರದ ಏತ್ವಕ್ಕೆ ಯೂನಿಕೋಡಿನಲ್ಲಿ 3271 ಎಂಬ ಒಂದೇ ಸಂಖ್ಯೆಯಿದೆ. ಅದೇ ಏತ್ವವನ್ನು ಎತ್ವ 3270, ಅದರ ಮುಂದೆ ದೀರ್ಘದ ಚಿಹ್ನೆ 3285 ಎಂದು ಎರಡಾಗಿಯೂ ಬರೆಯಬಹುದು. 'ಓತ್ವ'ವನ್ನು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು. ಆದರೆ ಒಂದು ವೇಣೂರಿಗೆ ಆರು ಸಂಖ್ಯೆ, ಇನ್ನೊಂದಕ್ಕೆ ಏಳು; ನೇರವಾಗಿ ಹೋಲಿಸಿದರೆ ಎರಡು ಬೇರೆ ಬೇರೆ ಊರು. ಇವೆರಡನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನು ಯೂನಿಕೋಡ್ ಸಂಸ್ಥೆಯೇ ನಿರ್ದಿಷ್ಟಪಡಿಸಿದೆ. ಯಾವ ನಮೂನೆಗೂ ಹಿಡಿದು ನೋಡುವ ಮೊದಲು ಈ ಒಂದು ಹೆಜ್ಜೆ ಇಡಲೇಬೇಕು. ಮುಂದೆ ಹಿಂದೆ ಅಂಟಿಬಂದ ಖಾಲಿ ಜಾಗಗಳನ್ನೂ ಫಾರಂ ತಾನೇ ತೆಗೆಯಬೇಕು. ಅದಕ್ಕಾಗಿ ತುಂಬುವವರನ್ನು ಗದರಿಸಬೇಕಿಲ್ಲ.

ತೆಗೆಯಬಾರದ ಅದೃಶ್ಯ ಚಿಹ್ನೆಯೂ ಒಂದಿದೆ. ರಾಜ್‌ಕುಮಾರ್ ಎಂದು ಬರೆಯುವಾಗ 'ಜ್' ಮತ್ತು 'ಕು' ನಡುವೆ, ಕಣ್ಣಿಗೆ ಕಾಣದ 8204ನೇ ಚಿಹ್ನೆ ಕೂತಿರುತ್ತದೆ. ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಅದನ್ನು ಅಳಿಸಿದರೆ ಹೆಸರು 'ರಾಜ್ಕುಮಾರ್' ಆಗಿಬಿಡುತ್ತದೆ. 'ಅನುಮಾನಾಸ್ಪದ ಅದೃಶ್ಯ ಚಿಹ್ನೆಗಳನ್ನು ತೆಗೆದುಹಾಕು' ಎಂದು ಬೇರೆ ಭಾಷೆಗಳ ಅನುಭವದಿಂದ ಬರೆದ ನಿಯಮ ಕನ್ನಡದ ಹೆಸರುಗಳನ್ನು ಕೆಡಿಸುವುದು ಇಲ್ಲಿ.

ಕನ್ನಡದ ಗಣಕ ಚರಿತ್ರೆಯೂ ಖಾನೆಯೊಳಗೆ ಬಂದು ಬೀಳುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಮುಂದೆ ನಾಡಿನಾದ್ಯಂತ ಬಳಕೆಗೆ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಅದನ್ನು ಮನೆಮನೆಗೆ ಮುಟ್ಟಿಸಿತು. ನುಡಿಯ ಹಳೆಯ ಫಾಂಟುಗಳು ಯೂನಿಕೋಡಿಗೆ ಮುಂಚಿನ ಪದ್ಧತಿಯವು. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಆ ಕಾಲದ ಕಡತದಿಂದ ಹೆಸರನ್ನು ನಕಲು ಮಾಡಿ ಇಂದಿನ ಖಾನೆಯಲ್ಲಿ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬೀಳುತ್ತದೆ. ಇಲ್ಲಿ 'ಅಮಾನ್ಯ ಹೆಸರು' ಎಂದರೆ ಗುಮಾಸ್ತರಿಗೆ ಏನೂ ತಿಳಿಯದು. 'ಇದು ಹಳೆಯ ನುಡಿ ಫಾಂಟಿನ ಪಠ್ಯದಂತಿದೆ, ಯೂನಿಕೋಡಿಗೆ ಬದಲಿಸಲೇ?' ಎಂದು ಕೇಳಿದರೆ ಕೆಲಸ ಮುಗಿಯಿತು. ಬದಲಿಸುವ ಪರಿವರ್ತಕಗಳು ಮೊದಲೇ ಇವೆ.

ಹೇಳುವ ಹೊತ್ತೂ ಮುಖ್ಯ. 'ಕೃಷ್ಣ' ಎಂದು ಟೈಪ್ ಮಾಡುವವರು ಷ, ಅರ್ಧಾಕ್ಷರ ಚಿಹ್ನೆ, ಣ ಎಂದು ಒಂದೊಂದಾಗಿ ಒತ್ತುತ್ತಾರೆ. ಪ್ರತಿ ಒತ್ತಿಗೂ ತಾಳೆ ನೋಡುವ ಫಾರಂ, ನಡುದಾರಿಯಲ್ಲಿರುವ 'ಕೃಷ್' ಕಂಡು ಕೆಂಪಾಗುತ್ತದೆ. ಸರಿಯಾಗಿ ಬರೆಯುತ್ತಿರುವವರಿಗೇ ತಪ್ಪಿದೆನೇನೋ ಎಂಬ ಅಳುಕು. ತುಂಬಿ ಮುಂದಿನ ಖಾನೆಗೆ ಹೋಗುವವರೆಗೆ ಕಾಯುವುದೇ ಸರಿ.

ನಿಂತುಹೋದ ಯಂತ್ರ, ಬದಲಾದ ಕಾಲ

ನಮೂನೆ ಬರೆಯುವ ಪೂರ್ಣ ಅಧಿಕಾರವನ್ನು ಬಳಕೆದಾರರಿಗೆ ಕೊಡುವುದರಲ್ಲಿ ಒಂದು ಅಪಾಯವೂ ಇದೆ. 2016ರ ಜುಲೈ 20ರಂದು ಪ್ರೋಗ್ರಾಮರ್‌ಗಳ ಜನಪ್ರಿಯ ತಾಣ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ಬಂದ್ ಆಯಿತು. ಸಾಲಿನ ತುದಿಯ ಖಾಲಿ ಜಾಗಗಳನ್ನು ಕತ್ತರಿಸಲೆಂದು ಬರೆದಿದ್ದ ರೆಜೆಕ್ಸ್ ಅದಕ್ಕೆ ಕಾರಣ. ಕನ್ನಡಿಗರಿಗೆ ಬೇಕಾದ ಅದೇ 8204ನೇ ಚಿಹ್ನೆಯನ್ನೂ ಅದು ಖಾಲಿ ಜಾಗದ ಸಾಲಿಗೆ ಸೇರಿಸಿತ್ತು. ಒಂದು ಬರಹದಲ್ಲಿ ಸುಮಾರು 20,000 ಖಾಲಿ ಜಾಗಗಳು ಸಾಲಾಗಿ ಬಂದಾಗ ಆ ನಿಯಮ ಮೊದಲ ಜಾಗದಿಂದ ಕೊನೆಯವರೆಗೆ ಓಡಿ, ಸೋತು, ಎರಡನೇ ಜಾಗದಿಂದ ಮತ್ತೆ ಓಡಿ, ಹೀಗೆ ಸುಮಾರು 20 ಕೋಟಿ ಬಾರಿ ತಾಳೆ ನೋಡಿತು. 2019ರ ಜುಲೈ 2ರಂದು ಇಂಥದೇ ಒಂದು ರೆಜೆಕ್ಸ್ ಕ್ಲೌಡ್‌ಫ್ಲೇರ್ ಸಂಸ್ಥೆಯ ಜಾಲವನ್ನು 27 ನಿಮಿಷ ಮಲಗಿಸಿತು; ಅದನ್ನು ನೆಚ್ಚಿದ ಲೆಕ್ಕವಿಲ್ಲದಷ್ಟು ತಾಣಗಳು ಜಗತ್ತಿನಾದ್ಯಂತ ತೆರೆಯಲಿಲ್ಲ.

ಥಾಂಪ್ಸನ್ 1968ರಲ್ಲೇ ತೋರಿಸಿದ ವಿಧಾನಕ್ಕೆ ಈ ಕಾಯಿಲೆ ಇಲ್ಲ. ಅದು ಎಲ್ಲ ಸಾಧ್ಯತೆಗಳನ್ನೂ ಒಟ್ಟಿಗೆ ಹಿಡಿದುಕೊಂಡು ಪಠ್ಯವನ್ನು ಒಂದೇ ಸಲ ಓದಿ ಮುಗಿಸುತ್ತದೆ. ಗೂಗಲ್ 2010ರಲ್ಲಿ ಮುಕ್ತವಾಗಿ ಬಿಟ್ಟ ಆರ್‌ಇ2 ಆ ದಾರಿಯಲ್ಲೇ ನಡೆಯುತ್ತದೆ. ಸಂಘದ ಗುಮಾಸ್ತರ ಕೈಗೆ ನಮೂನೆ ಕೊಡುವ ತಂತ್ರಾಂಶದ ಒಳಗೆ ಇಂಥ ಯಂತ್ರ ಇರಬೇಕು. ಹೊರಗೆ ರೆಜೆಕ್ಸಿನ ಗೂಢಚಿಹ್ನೆಗಳ ಬದಲು 'ಸ್ಥಿರ ಪಠ್ಯ', 'ವರ್ಷ', 'ನಾಲ್ಕಂಕಿ', 'ಹೆಸರು' ಎಂಬ ಜೋಡಿಸಬಹುದಾದ ತುಂಡುಗಳಿರಬೇಕು.

ನಮೂನೆಗೆ ಹೊಂದಿದ ಮಾತ್ರಕ್ಕೆ ಮಾಹಿತಿ ನಿಜವಾಗುವುದಿಲ್ಲ. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಸಂಕೇತಕ್ಕೆ 11 ಸ್ಥಾನ: ನಾಲ್ಕಕ್ಷರ ಬ್ಯಾಂಕಿಗೆ, ಒಂದು ಸೊನ್ನೆ, ಆರು ಸ್ಥಾನ ಶಾಖೆಗೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿತು. ಎಸ್‌ವೈಎನ್‌ಬಿ ಎಂದು ಆರಂಭವಾಗುವ ಅದರ ಸಂಕೇತಗಳು 2021ರ ಜುಲೈ 1ರಿಂದ ನಡೆಯಲಿಲ್ಲ. ಪಾಸ್‌ಬುಕ್ ನೋಡಿ ಹಳೆಯ ಸಂಕೇತ ತುಂಬಿದರೆ ನಮೂನೆ ಅದನ್ನು ಈಗಲೂ ಒಪ್ಪುತ್ತದೆ, ಹಣ ಮಾತ್ರ ತಲುಪದು. ರೂಪ ಸರಿಯಿದೆಯೇ ಎಂಬ ಪ್ರಶ್ನೆಯ ಬೆನ್ನಿಗೇ ಅದು ಚಾಲ್ತಿಯಲ್ಲಿದೆಯೇ ಎಂದೂ ಕೇಳಬೇಕು.

ಚಾಲ್ತಿಯ ನಮೂನೆಯೇ ಬದಲಾಗುವುದೂ ಉಂಟು. ಮಂಗಳೂರಿನ ವಾಹನಕ್ಕೆ ಕೆಎ 19, ಬಂಟ್ವಾಳದ್ದಕ್ಕೆ ಕೆಎ 70. ಮೊದಲು ರಾಜ್ಯದ ಎರಡಕ್ಷರ, ಆಮೇಲೆ ಅಂಕಿ. 2021ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಭಾರತ್ ಸರಣಿಯಲ್ಲಿ ಮೊದಲು ನೋಂದಣಿ ವರ್ಷದ ಎರಡಂಕಿ, ಆಮೇಲೆ ಬಿಎಚ್. ವಾಹನದ ಸಂಖ್ಯೆ ಅಕ್ಷರದಿಂದಲೇ ಆರಂಭವಾಗಬೇಕು ಎಂದು ನಂಬಿದ್ದ ಫಾರಂಗಳಿಗೆ ಅದು ತಪ್ಪು ಸಂಖ್ಯೆ. ಹೀಗಾಗಿ ನಮೂನೆಗೂ ತಾರೀಕು ಇರಬೇಕು. ಇಂಥ ದಿನದಿಂದ ಹೊಸ ನಿಯಮ ಎಂದು ದಾಖಲಿಸಿದರೆ ಹಿಂದಿನವು ಹಿಂದಿನ ನಿಯಮದಡಿ ಸಿಂಧುವಾಗಿಯೇ ಉಳಿಯುತ್ತವೆ. ಹಳೆಯ ಕಡತ ತೆರೆದು ಫೋನ್ ನಂಬರ್ ಮಾತ್ರ ತಿದ್ದಹೊರಟವರಿಗೆ 'ಹೆಸರು ಅಮಾನ್ಯ' ಎಂದು ಅಡ್ಡಗಟ್ಟುವ ಪರದೆ ಈ ಒಂದು ವಿವೇಕದ ಕೊರತೆಯಿಂದ ಹುಟ್ಟಿದ್ದು.

ಫಾರಂ ಮಾಡುವವರ ಮೇಜಿನ ಮೇಲೆ ಇರಲೇಬೇಕಾದ್ದು ಹೆಸರುಗಳದೊಂದು ಪರೀಕ್ಷಾ ಪಟ್ಟಿ: ಬಿ.ಸಿ. ರೋಡ್, ಎರಡೂ ಬಗೆಯ ಅಪಾಸ್ಟ್ರಫಿಯ ಡಿ'ಸೋಜ, ಅದೃಶ್ಯ ಚಿಹ್ನೆಯ ರಾಜ್‌ಕುಮಾರ್, ಎರಡೂ ಬಗೆಯ ವೇಣೂರು, ಒಂದೇ ಪದದ ಕಮಲ, 45/2ಎ1ಪಿ2. ಇವೆಲ್ಲ ಪಾಸಾಗುವವರೆಗೆ ಫಾರಂ ಜನರ ಮುಂದೆ ಹೋಗಬಾರದು. ಆ ಪಟ್ಟಿಗೆ ಈಗ ಇನ್ನೊಂದು ಸಾಲು ಸೇರಬೇಕಿದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ನೇ ಆವೃತ್ತಿ ತುಳು-ತಿಗಳಾರಿ ಲಿಪಿಗೆ 80 ಸಂಕೇತಗಳನ್ನು ಕೊಟ್ಟಿದೆ. ಅವುಗಳ ಸ್ಥಾನ 70528ರಿಂದ ಮುಂದೆ. 65535 ದಾಟಿದ ಯಾವ ಸಂಕೇತವನ್ನೂ ಜಾವಾಸ್ಕ್ರಿಪ್ಟ್ ಎರಡೆಂದು ಎಣಿಸುತ್ತದೆ. ತುಳು ಲಿಪಿಯಲ್ಲಿ ಬರೆದ ಮನೆ ಹೆಸರಿಗೆ, ಈಗಿನ ಉದ್ದದ ಮಿತಿಯುಳ್ಳ ಖಾನೆಯಲ್ಲಿ, ಕನ್ನಡದ ಹೆಸರಿಗೆ ಸಿಗುವ ಅರ್ಧದಷ್ಟೇ ಜಾಗ ಸಿಗುತ್ತದೆ.